ಪಹಣಿಯಲ್ಲಿ ಇಲ್ಲದ ಊರು: ಮ್ಯಾನಿಟೋಬಾದ ಮೆನ್ನೊನೈಟ್ ಹಳ್ಳಿಗಳ ಮೊದಲ ವರ್ಷಗಳು

ಸರ್ವೆ ನಂಬರ್ ಬರೆದದ್ದು:

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ದಕ್ಷಿಣ ಭಾಗದ ನಕ್ಷೆಯನ್ನು ಬಿಡಿಸಿದರೆ ಇಡೀ ನೆಲ ಪಗಡೆಹಾಸಿನಂತೆ ಚೌಕಚೌಕವಾಗಿ ಕಾಣುತ್ತದೆ. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಜಾಗ ಒಂದು ಟೌನ್‌ಶಿಪ್. ಅದರಲ್ಲಿ 36 ಸೆಕ್ಷನ್‌ಗಳು, ಪ್ರತಿ ಸೆಕ್ಷನ್ನಿಗೆ 640 ಎಕರೆ. ಸೆಕ್ಷನ್ನಿನ ಕಾಲುಭಾಗವಾದ 160 ಎಕರೆ ಒಬ್ಬ ಒಕ್ಕಲಿನ ಪಾಲು. 1872ರ ಡೊಮಿನಿಯನ್ ಭೂ ಕಾಯಿದೆಯ ಪ್ರಕಾರ ಹತ್ತು ಡಾಲರ್ ಶುಲ್ಕ ಕಟ್ಟಿ, ಆ 160 ಎಕರೆಯೊಳಗೇ ಮನೆ ಕಟ್ಟಿಕೊಂಡು ಮೂರು ವರ್ಷ ಉಳುಮೆ ಮಾಡಿದವನಿಗೆ ಹಕ್ಕುಪತ್ರ ಸಿಗುತ್ತಿತ್ತು. ಕಾಯಿದೆಯ ಕಣ್ಣಿಗೆ ಕಾಣುತ್ತಿದ್ದುದು ಒಬ್ಬ ರೈತ ಮತ್ತು ಅವನ ಚೌಕ ಮಾತ್ರ. ಊರು ಎಂಬುದು ಅದರ ಲೆಕ್ಕದಲ್ಲಿಯೇ ಇರಲಿಲ್ಲ.

1874ರಿಂದ 1880ರ ನಡುವೆ ರಷ್ಯಾ ಸಾಮ್ರಾಜ್ಯದ ದಕ್ಷಿಣದ ಹುಲ್ಲುಬಯಲಿನಿಂದ, ಅಂದರೆ ಇಂದಿನ ಉಕ್ರೇನಿನಿಂದ, ಸುಮಾರು 7,000 ಮೆನ್ನೊನೈಟರು ಇಲ್ಲಿಗೆ ಬಂದು ಈ ಚೌಕಗಳ ಮೇಲೆ ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಕಟ್ಟಿದರು. ಅವರು ಕಟ್ಟಿದ ರೀತಿಯೇ ಈ ಚರ್ಚೆಯನ್ನು ಆರಂಭಿಸಲು ಕಾರಣ. ಹದಿನೈದೋ ಇಪ್ಪತ್ತೋ ಮೂವತ್ತೋ ಕುಟುಂಬಗಳವರು ತಮ್ಮ ತಮ್ಮ ಹೆಸರಿನಲ್ಲಿ 160 ಎಕರೆಗೆ ಅರ್ಜಿ ಹಾಕಿಕೊಳ್ಳುತ್ತಿದ್ದರು. ಆಮೇಲೆ ಸರ್ಕಾರದ ಗಡಿಕಲ್ಲುಗಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಆ ನೆಲವನ್ನೆಲ್ಲ ಒಟ್ಟುಗೂಡಿಸಿ, ನಡುವೆ ಒಂದು ಉದ್ದನೆಯ ಬೀದಿ ಹಾಕಿ, ಬೀದಿಯ ಇಕ್ಕೆಲದಲ್ಲಿ ಮನೆಗಳನ್ನು ಕಟ್ಟಿ, ಒಂದು ಭಾಗವನ್ನು ಗೋಮಾಳಕ್ಕೆ ಬಿಟ್ಟು, ಉಳಿದ ಸಾಗುವಳಿ ನೆಲವನ್ನು ಕೆಲವು ದೊಡ್ಡ ಹೊಲಗಳಾಗಿ ಮಾಡಿ, ಪ್ರತಿ ದೊಡ್ಡ ಹೊಲದಲ್ಲಿಯೂ ಪ್ರತಿ ಕುಟುಂಬಕ್ಕೆ ಒಂದೊಂದು ಪಟ್ಟಿ ಹಂಚುತ್ತಿದ್ದರು. ತಗ್ಗಿನ ನೀರುನಿಲ್ಲುವ ನೆಲವೂ ಎಲ್ಲರಿಗೆ, ಏರಿನ ಒಳ್ಳೆಯ ನೆಲವೂ ಎಲ್ಲರಿಗೆ. ಊರಿಗೆ ಹತ್ತಿರದ್ದೂ ಎಲ್ಲರಿಗೆ, ದೂರದ್ದೂ ಎಲ್ಲರಿಗೆ. ಹೀಗಾಗಿ ಹಕ್ಕುಪತ್ರದಲ್ಲಿ ಒಬ್ಬನ ಹೆಸರಿದ್ದ ನೆಲದಲ್ಲಿ ಹತ್ತು ಜನರ ನೇಗಿಲು ಓಡುತ್ತಿತ್ತು, ಅವನ ಸ್ವಂತ ಮನೆ ಇನ್ನೊಬ್ಬನ ಹೆಸರಿನ ನೆಲದ ಮೇಲೆ ನಿಂತಿರುತ್ತಿತ್ತು.

ಪಹಣಿಯಲ್ಲಿ ಒಂದು, ಹೊಲದಲ್ಲಿ ಇನ್ನೊಂದು ಎಂಬ ಸ್ಥಿತಿ ನಮ್ಮವರಿಗೆ ಹೊಸದಲ್ಲ, ಆದರೆ ನಮ್ಮಲ್ಲಿ ಅದು ಸಾಮಾನ್ಯವಾಗಿ ವ್ಯಾಜ್ಯದ ಮೊದಲ ಪುಟ. ಇವರಲ್ಲಿ ಅದು ಊರಿನ ಅಡಿಪಾಯವಾಗಿತ್ತು. ನನ್ನ ವಾದವಿಷ್ಟೇ: ಈ ಸಮುದಾಯದ ಆರಂಭದ ಇತಿಹಾಸವನ್ನು ಧರ್ಮಶ್ರದ್ಧೆಯ ಕಥೆಯಾಗಿಯೋ ಬೆವರು ಸುರಿಸಿದ ಸಾಹಸದ ಕಥೆಯಾಗಿಯೋ ಹೇಳುವುದಕ್ಕಿಂತ, ಕಾಗದದ ಬೆಂಬಲವಿಲ್ಲದೆ ಕೇವಲ ಮಾತಿನ ಮೇಲೆ ನಿಂತ ಊರುಗಳ ಕಥೆಯಾಗಿ ಓದಿದರೆ ಅವು ಉಳಿದದ್ದೇಕೆ, ಅಳಿದದ್ದೇಕೆ ಎಂಬುದು ಎರಡೂ ಸ್ಪಷ್ಟವಾಗುತ್ತದೆ. ಓದಿಕೊಂಡವರು ತಿದ್ದಬೇಕು, ಸೇರಿಸಬೇಕು.

ಅಕ್ಷರಮಾಲೆ ಬರೆದದ್ದು:

ಒಳ್ಳೆಯ ವಿಷಯ ತೆಗೆದಿದ್ದೀರಿ ಸರ್. ಆದರೆ ಇವರು ಯಾರು, ರಷ್ಯಾವನ್ನು ಬಿಟ್ಟದ್ದು ಏಕೆ ಎಂಬುದನ್ನು ಹೇಳದೆ ನೇರವಾಗಿ ಹೊಲಕ್ಕೆ ಇಳಿದುಬಿಟ್ಟಿರಿ. ಮೆನ್ನೊನೈಟ್ ಎಂಬ ಹೆಸರನ್ನೇ ಮೊದಲ ಬಾರಿ ಕೇಳುತ್ತಿರುವ ನನ್ನಂಥವರಿಗೆ ಸ್ವಲ್ಪ ಹಿನ್ನೆಲೆ ಬೇಕು.

ಹಳೆಗಡತ ಬರೆದದ್ದು:

ಮೇಡಂ, ಹಿನ್ನೆಲೆಯನ್ನು ನಾನು ಹೇಳುತ್ತೇನೆ, ತಪ್ಪಿದ್ದರೆ ಸರ್ವೆ ನಂಬರ್ ಅವರು ತಿದ್ದಲಿ.

1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲವರು, ಹಸುಗೂಸಿಗೆ ಕೊಡುವ ದೀಕ್ಷಾಸ್ನಾನಕ್ಕೆ ಅರ್ಥವಿಲ್ಲ, ತಿಳಿವಳಿಕೆ ಬಂದ ಮೇಲೆ ತಾನಾಗಿ ಒಪ್ಪಿ ಪಡೆಯುವುದೇ ನಿಜವಾದ ದೀಕ್ಷೆ ಎಂದು ಹೇಳಿ ಬೇರೆಯಾದರು. ಆಳುವವರಿಗೂ ಚರ್ಚಿಗೂ ಇದು ರಾಜದ್ರೋಹದಂತೆ ಕಂಡಿತು, ಕಿರುಕುಳ ಆರಂಭವಾಯಿತು. ನೆದರ್ಲೆಂಡ್ಸ್ ಕಡೆಯ ಅನುಯಾಯಿಗಳನ್ನು ಒಂದುಗೂಡಿಸಿದವರಲ್ಲಿ ಪ್ರಮುಖರಾದ ಮೆನ್ನೊ ಸೈಮನ್ಸ್ 1536ರಲ್ಲಿ ಕ್ಯಾಥೊಲಿಕ್ ಪಾದ್ರಿಯ ಹುದ್ದೆಯನ್ನು ಬಿಟ್ಟು ಬಂದವರು. ಮೆನ್ನೊನೈಟ್ ಎಂಬ ಹೆಸರು ಅವರಿಂದಲೇ ಬಂದದ್ದು. ಆಯುಧ ಹಿಡಿಯಬಾರದು, ನ್ಯಾಯಾಲಯದಲ್ಲಿಯೂ ಆಣೆ ಇಡಬಾರದು ಎಂಬ ಎರಡು ನಿಯಮಗಳನ್ನು ಗಮನದಲ್ಲಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಅವುಗಳ ಸುತ್ತಲೇ ತಿರುಗುತ್ತದೆ.

ನೆದರ್ಲೆಂಡ್ಸ್ ಕಡೆಯಿಂದ ಅವರು ಇಂದಿನ ಪೋಲೆಂಡಿನಲ್ಲಿರುವ ವಿಸ್ಟುಲಾ ನದಿಯ ಮುಖಜಭೂಮಿಗೆ ಹೋಗಿ ಜೌಗು ನೆಲದ ನೀರು ಬಸಿದು ಸಾಗುವಳಿ ಮಾಡಿದರು. ಅಲ್ಲಿಯೇ ಪ್ಲೌಟ್‌ಡೀಚ್ ಎಂಬ ಕೆಳಜರ್ಮನ್ ಆಡುಮಾತು ಅವರ ಮನೆಮಾತಾಯಿತು. ಪ್ರಷ್ಯಾದ ದೊರೆಗಳು ಸೈನ್ಯಕ್ಕೆ ಬಾರದವರು ಹೊಸ ಜಮೀನು ಕೊಳ್ಳುವುದಕ್ಕೆ ಅಡ್ಡಿ ಹಾಕಿದಾಗ, ರಷ್ಯಾದ ಸಾಮ್ರಾಜ್ಞಿ ಎರಡನೆಯ ಕ್ಯಾಥರೀನ್ ನೀಡಿದ ಆಹ್ವಾನವನ್ನು ಒಪ್ಪಿ 1789ರಲ್ಲಿ ನೀಪರ್ ನದಿಯ ದಡದಲ್ಲಿ ಖೋರ್ಟಿಟ್ಸಾ ವಸಾಹತನ್ನೂ 1804ರಲ್ಲಿ ಮೊಲೊಚ್ನಾ ವಸಾಹತನ್ನೂ ಆರಂಭಿಸಿದರು. ಸೈನ್ಯಸೇವೆಯಿಂದ ಶಾಶ್ವತ ವಿನಾಯಿತಿ ಕೊಟ್ಟ ಸನ್ನದು 1800ರಲ್ಲಿ ಚಕ್ರವರ್ತಿ ಪಾಲ್ ಅವರಿಂದ ಸಿಕ್ಕಿತು.

ಆ ಶಾಶ್ವತವು ಎಪ್ಪತ್ತು ವರ್ಷ ಬಾಳಿತು. 1870ರ ಹೊತ್ತಿಗೆ ಎರಡನೆಯ ಅಲೆಕ್ಸಾಂಡರ್ ಸರ್ಕಾರವು ಎಲ್ಲರಿಗೂ ಸೈನ್ಯಸೇವೆ ಕಡ್ಡಾಯವೆಂದು ಹೊರಟಾಗ ಇವರಲ್ಲಿ ಕಳವಳ ಹುಟ್ಟಿತು. ಮುಂದೆ ಸರ್ಕಾರ ಜನರಲ್ ಟೋಟ್ಲೆಬೆನ್ ಅವರನ್ನು ಕಳುಹಿಸಿ ಅರಣ್ಯ ಇಲಾಖೆಯ ಸೇವೆಯನ್ನು ಪರ್ಯಾಯವಾಗಿ ಕೊಡುತ್ತೇವೆಂದು ಒಪ್ಪಿಸಿತು, ಹೆಚ್ಚಿನವರು ಅಲ್ಲಿಯೇ ಉಳಿದರು. ಸುಮಾರು ಮೂರನೆಯ ಒಂದು ಭಾಗದಷ್ಟು ಜನ ಮಾತ್ರ ಹೊರಟರು.

ಕರಿಮಣ್ಣು ಬರೆದದ್ದು:

ಹಳೆಗಡತ ಅವರೇ, ಎಲ್ಲವನ್ನೂ ಸೈನ್ಯಸೇವೆಯ ತಲೆಗೆ ಕಟ್ಟುವುದು ಅರ್ಧ ಸತ್ಯವಷ್ಟೇ. 1860ರ ದಶಕದಲ್ಲಿ ಮೊಲೊಚ್ನಾ ವಸಾಹತಿನ ಕುಟುಂಬಗಳಲ್ಲಿ ಮೂರನೆಯ ಎರಡು ಭಾಗದಷ್ಟು ಜಮೀನಿಲ್ಲದವರಾಗಿದ್ದರು. ರಷ್ಯಾ ಕೊಟ್ಟ 65 ದೆಸ್ಯಾತಿನಾದ, ಅಂದರೆ ಸುಮಾರು 175 ಎಕರೆಯ, ಹಿಡುವಳಿಯನ್ನು ತುಂಡು ಮಾಡುವಂತಿರಲಿಲ್ಲ. ಮನೆಯಲ್ಲಿ ಎಂಟು ಮಕ್ಕಳಿದ್ದರೆ ಒಬ್ಬನಿಗೆ ಹೊಲ, ಉಳಿದವರಿಗೆ ಊರ ಕೊನೆಯಲ್ಲಿ ಒಂದು ಗುಡಿಸಲು ಮತ್ತು ಕೂಲಿ. ಹೊಲವಿದ್ದವನಿಗೆ ಮಾತ್ರ ಊರಸಭೆಯಲ್ಲಿ ಮತವಿತ್ತು. ಈ ಒಳಜಗಳವನ್ನು ಬಿಟ್ಟು ವಲಸೆಯನ್ನು ಬರಿಯ ಆತ್ಮಸಾಕ್ಷಿಯ ಪ್ರಶ್ನೆಯಾಗಿ ಹೇಳುವುದು ವಲಸೆ ಹೋದವರ ಮೊಮ್ಮಕ್ಕಳಿಗೆ ಇಷ್ಟವಾಗಬಹುದು, ಇತಿಹಾಸಕ್ಕೆ ಸಾಲದು.

ಇನ್ನೊಂದು ಮಾತು. ಮ್ಯಾನಿಟೋಬಾಕ್ಕೆ ಬಂದವರು ಇಡೀ ಸಮುದಾಯದ ಪ್ರತಿನಿಧಿಗಳಲ್ಲ. ಬಂದವರು ಮುಖ್ಯವಾಗಿ ಮೂರು ಗುಂಪಿನವರು: 1812ರಲ್ಲಿಯೇ ಕ್ಲಾಸ್ ರೈಮರ್ ಅವರ ನೇತೃತ್ವದಲ್ಲಿ ಬೇರೆಯಾಗಿದ್ದ ಕ್ಲೈನೆ ಗೆಮೈಂಡೆ ಎಂಬ ಚಿಕ್ಕ ಸಭೆ, 1836ರಲ್ಲಿ ಖೋರ್ಟಿಟ್ಸಾದಿಂದ ಕವಲೊಡೆದು ಮರಿಯುಪೋಲ್ ಹತ್ತಿರ ನೆಲೆಸಿದ್ದ ಬರ್ಗ್‌ಥಾಲ್ ವಸಾಹತಿನವರು, ಹಾಗೂ ಖೋರ್ಟಿಟ್ಸಾ ಮತ್ತು ಫ್ಯೂರ್ಸ್ಟೆನ್‌ಲಾಂಡ್ ಕಡೆಯವರು. ಬರ್ಗ್‌ಥಾಲಿನವರಂತೂ ತಮ್ಮ ಹಿರಿಯ, ಅಂದರೆ ಚರ್ಚಿನ ಮುಖ್ಯಸ್ಥ, ಗೆರ್ಹಾರ್ಡ್ ವೀಬೆ ಅವರ ಹಿಂದೆ ಬಹುತೇಕ ಇಡೀ ವಸಾಹತನ್ನೇ ಕಿತ್ತುಕೊಂಡು ಹೊರಟರು. ಜಮೀನಿಲ್ಲದ ಬಡವರನ್ನೂ ಬಿಡದೆ ಕರೆತಂದರು. ಅಮೆರಿಕದ ಕ್ಯಾನ್ಸಾಸ್, ನೆಬ್ರಾಸ್ಕಾ, ಮಿನೆಸೋಟ, ಡಕೋಟಾ ಕಡೆಗೆ ಹೋದ ಸುಮಾರು 10,000 ಜನರು ಒಟ್ಟಿನಲ್ಲಿ ಹೊಸ ಗಾಳಿಗೆ ಮೈಯೊಡ್ಡಲು ಸಿದ್ಧರಾಗಿದ್ದವರು. ಮ್ಯಾನಿಟೋಬಾಕ್ಕೆ ಬಂದ ಇವರು ಹಳೆಯ ಪದ್ಧತಿಯನ್ನು ಬಿಡಲೊಲ್ಲದವರು. ಊರು ಕಟ್ಟುವ ಹಟ ಇವರಲ್ಲಿ ಅಷ್ಟು ಬಲವಾಗಿದ್ದುದಕ್ಕೆ ಇದೂ ಒಂದು ಕಾರಣ.

ಸರ್ವೆ ನಂಬರ್ ಬರೆದದ್ದು:

ಕರಿಮಣ್ಣು ಅವರ ಮಾತನ್ನು ಒಪ್ಪುತ್ತೇನೆ. ಅದಕ್ಕೆ ಹೊಂದುವ ಒಂದು ಸಂಗತಿಯನ್ನು ಸೇರಿಸುತ್ತೇನೆ.

1873ರ ಬೇಸಿಗೆಯಲ್ಲಿ ಹನ್ನೆರಡು ಪ್ರತಿನಿಧಿಗಳು ಉತ್ತರ ಅಮೆರಿಕದ ನೆಲ ನೋಡಲು ಬಂದರು. ಮ್ಯಾನಿಟೋಬಾದಲ್ಲಿ ಅವರನ್ನು ಸುತ್ತಾಡಿಸಿದವರು ಸರ್ಕಾರದ ಪರವಾಗಿ ವಿಲಿಯಂ ಹೆಸ್ಪೆಲರ್, ಜೊತೆಗೆ ಒಂಟಾರಿಯೊದ ಮೆನ್ನೊನೈಟ್ ವ್ಯಾಪಾರಿ ಜೇಕಬ್ ಶಾಂಟ್ಸ್. ಮಳೆಯ ಕೆಸರು, ಮೋಡದಂತೆ ಮುತ್ತುವ ಸೊಳ್ಳೆ, ಎಲ್ಲಿ ನೋಡಿದರೂ ಜೌಗು. ಹೆಚ್ಚಿನ ಪ್ರತಿನಿಧಿಗಳು ಅಷ್ಟಕ್ಕೇ ಕೈಮುಗಿದು ಅಮೆರಿಕದ ಕಡೆಗೆ ಹೊರಟುಹೋದರು. ಕ್ಲೈನೆ ಗೆಮೈಂಡೆ ಮತ್ತು ಬರ್ಗ್‌ಥಾಲಿನ ಪ್ರತಿನಿಧಿಗಳು ಮಾತ್ರ ಕೆನಡಾದ ರಾಜಧಾನಿ ಆಟ್ಟವಾಕ್ಕೆ ಹೋಗಿ ಬರಹದಲ್ಲಿ ಭರವಸೆ ಕೇಳಿದರು. ಅಮೆರಿಕದ ಅಧ್ಯಕ್ಷ ಗ್ರಾಂಟ್ ಅವರನ್ನು ಕಂಡವರಿಗೆ ಅಂಥ ಲಿಖಿತ ಭರವಸೆ ಸಿಗಲಿಲ್ಲ. ಕೆನಡಾ ಕೊಟ್ಟಿತು. ನೆಲ ಒಳ್ಳೆಯದಿರುವ ಕಡೆ ಕಾಗದವಿಲ್ಲ, ಕಾಗದವಿರುವ ಕಡೆ ನೆಲ ಸುಮಾರು ಎಂಬ ಆಯ್ಕೆಯಲ್ಲಿ ಇವರು ಕಾಗದವನ್ನು ಆರಿಸಿಕೊಂಡರು.

ಆ ಕಾಗದವೆಂದರೆ 1873ರ ಜುಲೈ 23ರಂದು ಕೃಷಿ ಇಲಾಖೆಯ ಕಾರ್ಯದರ್ಶಿ ಜಾನ್ ಲೋ ಅವರು ಬರೆದ ಹದಿನೈದು ಅಂಶಗಳ ಪತ್ರ. ಸೈನ್ಯಸೇವೆಯಿಂದ ಸಂಪೂರ್ಣ ವಿನಾಯಿತಿ, ಆಣೆಯ ಬದಲು ಬರಿಯ ಮಾತಿನ ಒಪ್ಪಿಗೆ ಸಾಕು ಎಂಬ ಸೌಲಭ್ಯ, ಎಂಟು ಟೌನ್‌ಶಿಪ್‌ಗಳ ಮೀಸಲು ನೆಲ, ಇಪ್ಪತ್ತೊಂದು ವಯಸ್ಸು ದಾಟಿದವರಿಗೆ 160 ಎಕರೆ, ಹ್ಯಾಂಬರ್ಗ್‌ನಿಂದ ಫೋರ್ಟ್ ಗ್ಯಾರಿಯವರೆಗೆ (ಇಂದಿನ ವಿನಿಪೆಗ್) ವಯಸ್ಕರೊಬ್ಬರಿಗೆ 30 ಡಾಲರ್ ಪ್ರಯಾಣದರ, ಮತ್ತು ಮಕ್ಕಳನ್ನು ತಮ್ಮ ಶಾಲೆಗಳಲ್ಲಿ ಯಾವ ಅಡ್ಡಿಯೂ ಇಲ್ಲದೆ ಓದಿಸುವ ಸ್ವಾತಂತ್ರ್ಯ ಅದರಲ್ಲಿದ್ದವು. ಮೂರು ವಾರಗಳ ಬಳಿಕ, ಆಗಸ್ಟ್ 13ರಂದು, ಮಂತ್ರಿಮಂಡಲ ಹೊರಡಿಸಿದ ಅಧಿಕೃತ ಆದೇಶದಲ್ಲಿ ಶಾಲೆಯ ಅಂಶಕ್ಕೆ ‘ಕಾನೂನು ವಿಧಿಸಿದಂತೆ’ ಎಂಬರ್ಥದ ಎರಡು ಮೂರು ಪದ ಹೊಸದಾಗಿ ಸೇರಿಕೊಂಡಿತು. ಮೆನ್ನೊನೈಟರ ಪೆಟ್ಟಿಗೆಯಲ್ಲಿದ್ದದ್ದು ಮೊದಲ ಕಾಗದ. ಸರ್ಕಾರದ ಕಡತದಲ್ಲಿದ್ದದ್ದು ಎರಡನೆಯದು. ಆಣೆಯನ್ನೇ ಇಡದ ಜನ ತಾವು ಪಡೆದ ಪತ್ರದ ಮೇಲೆ ಇಟ್ಟ ನಂಬಿಕೆಯನ್ನು ನೆನೆದರೆ, ಆ ಚಿಕ್ಕ ಸೇರ್ಪಡೆಯನ್ನು ಗುಮಾಸ್ತರ ಕೈಚಳಕವೆನ್ನಬೇಕೋ ಕಾನೂನಿನ ಎಚ್ಚರವೆನ್ನಬೇಕೋ ನನಗೆ ಇಂದಿಗೂ ತೀರ್ಮಾನವಾಗಿಲ್ಲ.

ವಿನಿಪೆಗ್‌ನಿಂದ ಬರೆದದ್ದು:

ನಾನು ಹಲವು ವರ್ಷಗಳಿಂದ ವಿನಿಪೆಗ್‌ನಲ್ಲಿ ವಾಸವಾಗಿದ್ದೇನೆ. ಸ್ಟೈನ್‌ಬಾಕ್ ಪಟ್ಟಣದ ಮೆನ್ನೊನೈಟ್ ಪರಂಪರೆಯ ವಸ್ತುಸಂಗ್ರಹಾಲಯಕ್ಕೆ ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗುವುದು ನಮ್ಮ ಮನೆಯ ರೂಢಿಯಾಗಿಬಿಟ್ಟಿದೆ. ಹಾಗಾಗಿ ಮೊದಲ ಚಳಿಗಾಲದ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ.

ಅವರ ಪ್ರಯಾಣವೇ ಒಂದು ಪುರಾಣ. ರೈಲಿನಲ್ಲಿ ಹ್ಯಾಂಬರ್ಗ್, ಅಲ್ಲಿಂದ ಹಡಗಿನಲ್ಲಿ ಇಂಗ್ಲೆಂಡ್, ಲಿವರ್‌ಪೂಲ್‌ನಿಂದ ಅಟ್ಲಾಂಟಿಕ್ ದಾಟಿ ಕ್ವಿಬೆಕ್, ಮತ್ತೆ ರೈಲು, ಮಹಾಸರೋವರಗಳ ಮೇಲೆ ಹಡಗು, ಡುಲುತ್‌ನಿಂದ ಪುನಃ ರೈಲು, ಕೊನೆಗೆ ರೆಡ್ ನದಿಯಲ್ಲಿ ಚಕ್ರದ ದೋಣಿ. 1874ರ ಆಗಸ್ಟ್ 1ರಂದು ‘ಇಂಟರ್‌ನ್ಯಾಷನಲ್’ ಎಂಬ ಆ ದೋಣಿ ರ‍್ಯಾಟ್ ನದಿಯು ರೆಡ್ ನದಿಯನ್ನು ಸೇರುವಲ್ಲಿ ಮೊದಲ ಗುಂಪನ್ನು ಇಳಿಸಿತು. ಇಂದಿನ ನೈವರ್‌ವಿಲ್ ಸಮೀಪ ಶಾಂಟ್ಸ್ ಅವರು ಕಟ್ಟಿಸಿದ್ದ ಉದ್ದನೆಯ ಮರದ ಶೆಡ್ಡುಗಳಲ್ಲಿ ಕುಟುಂಬಗಳು ತಂಗಿ, ಗಂಡಸರು ನೆಲ ಹುಡುಕಲು ಹೊರಟರು.

ಆಗಸ್ಟ್ ಎಂದರೆ ಇಲ್ಲಿ ಬಿತ್ತನೆಯ ಕಾಲವಲ್ಲ. ಎರಡೂವರೆ ತಿಂಗಳಲ್ಲಿ ಹಿಮ ಬೀಳತೊಡಗುತ್ತದೆ. ಮರ ತಂದು ಮನೆ ಕಟ್ಟುವಷ್ಟು ಹೊತ್ತೂ ಇಲ್ಲ, ಹಣವೂ ಇಲ್ಲ. ಆದ್ದರಿಂದ ಅನೇಕರು ನೆಲವನ್ನು ಎರಡು ಮೂರು ಅಡಿ ಅಗೆದು, ಬೇರುಸಹಿತ ಕತ್ತರಿಸಿದ ಹುಲ್ಲುಹೆಂಟೆಗಳನ್ನು ಇಟ್ಟಿಗೆಯಂತೆ ಪೇರಿಸಿ ಗೋಡೆ ಮಾಡಿ, ಮೇಲೆ ಬೊಡ್ಡೆಗಳನ್ನು ಅಡ್ಡಹಾಕಿ ಹುಲ್ಲು ಹೊದಿಸಿದರು. ಇದಕ್ಕೆ ಸೆಮ್ಲಿನ್ ಎನ್ನುತ್ತಾರೆ. ರಷ್ಯನ್ ಭಾಷೆಯ ‘ನೆಲ’ ಎಂಬ ಪದದಿಂದ ಬಂದ ಹೆಸರು. ಒಂದು ತುದಿಯಲ್ಲಿ ಮನುಷ್ಯರು, ಇನ್ನೊಂದು ತುದಿಯಲ್ಲಿ ದನ. ಸಂಗ್ರಹಾಲಯದಲ್ಲಿ ಅದರ ಮಾದರಿಯೊಂದಿದೆ. ಒಳಗೆ ಕಾಲಿಟ್ಟಾಗ ನನ್ನ ಅತ್ತೆಯವರು, ಇದರಲ್ಲಿ ಬಾಣಂತನ ಹೇಗೆ ಮಾಡಿದರೋ ಎಂದು ಒಂದೇ ಮಾತು ಹೇಳಿ ಸುಮ್ಮನಾದರು. ಹೊರಗೆ ಮೈನಸ್ ಮೂವತ್ತರ ಚಳಿ ಏನೆಂದು ಇಲ್ಲಿ ಒಂದು ಚಳಿಗಾಲ ಕಳೆದವರಿಗೆ ಮಾತ್ರ ಗೊತ್ತು.

ಆಮೇಲೆ ಕಟ್ಟಿದ ಮನೆಗಳ ಮಾತೇ ಬೇರೆ. ಮನೆ ಮತ್ತು ಕೊಟ್ಟಿಗೆ ಒಂದೇ ಮಾಡಿನಡಿ ಸೇರಿಕೊಂಡಿದ್ದವು. ನಮ್ಮ ಮಲೆನಾಡಿನ ಹಳೆಯ ಮನೆಗಳನ್ನು ಕಂಡವರಿಗೆ ಇದು ವಿಚಿತ್ರವೆನಿಸದು. ಹಿಮಗಾಳಿಯ ದಿನ ಹೊರಗೆ ಹೆಜ್ಜೆಯಿಡದೆ ಹಾಲು ಕರೆದುಕೊಂಡು ಬರಬಹುದಿತ್ತು. ಮನೆಯ ನಟ್ಟನಡುವೆ ಇಟ್ಟಿಗೆಯ ದೊಡ್ಡ ಒಲೆ, ಅದರ ಒಂದೊಂದು ಬದಿ ಒಂದೊಂದು ಕೋಣೆಗೆ ಗೋಡೆಯಾಗಿ ನಿಂತು ಮನೆಯನ್ನೆಲ್ಲ ಬೆಚ್ಚಗಿಡುತ್ತಿತ್ತು. ಮರವಿಲ್ಲದ ಬಯಲಿನಲ್ಲಿ ಉರುವಲು ಏನೆಂದು ಕೇಳಿದರೆ, ಒಣಹುಲ್ಲು ಮತ್ತು ಬೆರಣಿ. ಸಗಣಿಗೆ ಹುಲ್ಲು ಬೆರೆಸಿ ತುಳಿದು, ಕತ್ತರಿಸಿ, ಬಿಸಿಲಿಗೆ ಒಟ್ಟಿ ಒಣಗಿಸುತ್ತಿದ್ದರು. ಸುತ್ತಲಿನ ಇಂಗ್ಲಿಷ್ ಮೂಲದವರು ಇದನ್ನು ಕಂಡು ಮೂಗು ಮುರಿಯುತ್ತಿದ್ದರಂತೆ; ನಮ್ಮ ಅಜ್ಜಿಯಂದಿರಾದರೆ ಹದ ಸರಿಯಾಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದರು.

ಕರಿಮಣ್ಣು ಬರೆದದ್ದು:

ಚಳಿ ಕಳೆದ ಮೇಲೆ ಬಂದದ್ದು ಮಿಡತೆ. 1875ರ ಬೆಳೆಯನ್ನು ಅವು ತಿಂದು ಮುಗಿಸಿದವು. ಆಗ ಊರುಗಳನ್ನು ಉಳಿಸಿದ್ದು ಕೆನಡಾ ಸರ್ಕಾರ ಕೊಟ್ಟ 96,400 ಡಾಲರ್ ಸಾಲ. ಅದಕ್ಕೆ ಜಾಮೀನು ನಿಂತವರು ಒಂಟಾರಿಯೊದ ಮೆನ್ನೊನೈಟರು. ಅವರು ಈ ರಷ್ಯನ್ ಗುಂಪಿನ ನೆಂಟರಲ್ಲ, ಇಷ್ಟರಲ್ಲ. ಸ್ವಿಟ್ಜರ್ಲೆಂಡ್ ಮೂಲದವರು, ಪೆನ್ಸಿಲ್ವೇನಿಯಾದ ಮೂಲಕ ಬಂದವರು, ಮನೆಯಲ್ಲಿ ಆಡುವ ಜರ್ಮನ್ ಕೂಡ ಬೇರೆ. ಒಂದೇ ಮತದವರೆಂಬ ಒಂದೇ ಕಾರಣಕ್ಕೆ ತಮ್ಮ ಹೊಲಮನೆಗಳನ್ನು ಜಾಮೀನಿಗಿಟ್ಟರು. 1892ರ ಹೊತ್ತಿಗೆ ಸಾಲ ತೀರಿತು.

ಇಲ್ಲಿ ಊರ ವ್ಯವಸ್ಥೆಯ ಉಪಯೋಗ ಕಾಣುತ್ತದೆ. ಸಾಲದ ಹಂಚಿಕೆ, ವಸೂಲಿ, ಯಾರಿಗೆ ಎತ್ತು, ಯಾರಿಗೆ ಬಿತ್ತನೆಯ ಬೀಜ ಎಂಬುದನ್ನೆಲ್ಲ ಊರಸಭೆಯೂ ಅದರ ಮೇಲಿನ ವಸಾಹತಿನ ಆಡಳಿತವೂ ತೀರ್ಮಾನಿಸುತ್ತಿದ್ದವು. ಪ್ರತಿ ಊರಿಗೆ ಶುಲ್ಟ್ಸೆ ಎಂಬ ಚುನಾಯಿತ ಯಜಮಾನ, ಎಲ್ಲ ಊರುಗಳ ಮೇಲೆ ಒಬ್ಬ ಹಿರಿಯ ಯಜಮಾನ. ಬೆಂಕಿ ಬಿದ್ದರೆ ನಷ್ಟ ತುಂಬಿಕೊಡಲು ಎಲ್ಲರೂ ಮನೆಯ ಬೆಲೆಗೆ ತಕ್ಕಂತೆ ವಂತಿಗೆ ಕೊಡುವ ಏರ್ಪಾಡು ಇತ್ತು. ದಿನವೂ ಬೆಳಿಗ್ಗೆ ಊರಿನ ದನಗಾಹಿ ಬೀದಿಯುದ್ದಕ್ಕೂ ದನಗಳನ್ನು ಹೊಡೆದುಕೊಂಡು ಗೋಮಾಳಕ್ಕೆ ಹೋದರೆ, ಸಂಜೆ ಒಂದೊಂದು ಹಸುವೂ ತನ್ನ ಮನೆಯ ಬಾಗಿಲಿಗೆ ತಾನೇ ತಿರುಗುತ್ತಿತ್ತು. ಬೇಲಿಯ ಖರ್ಚೇ ಇಲ್ಲ.

ಅಕ್ಷರಮಾಲೆ ಬರೆದದ್ದು:

ಇದೆಲ್ಲ ಗಂಡಸರ ಸಭೆಯ ಕಥೆಯಾಯಿತು. ಹೆಂಗಸರಿಗೆ ಜಮೀನಿನಲ್ಲಿ ಏನಾದರೂ ಹಕ್ಕಿತ್ತೇ, ಅಥವಾ ಅಲ್ಲಿಯೂ ಅದೇ ಹಾಡೇ?

ಹಳೆಗಡತ ಬರೆದದ್ದು:

ಮೇಡಂ, ಇದು ನನಗೆ ಅತ್ಯಂತ ಆಶ್ಚರ್ಯ ತಂದ ಅಧ್ಯಾಯ. ಸಭೆಯಲ್ಲಿ ಹೆಂಗಸರಿಗೆ ಮತವಿರಲಿಲ್ಲ, ಆದರೆ ಆಸ್ತಿಯಲ್ಲಿ ಪಾಲಿತ್ತು. ವೈಸನಾಮ್ಟ್ ಎಂಬ ಅನಾಥರ ಕಚೇರಿಯೊಂದನ್ನು ಅವರು ಪ್ರಷ್ಯಾದ ಕಾಲದಿಂದ ರಷ್ಯಾಕ್ಕೂ ಅಲ್ಲಿಂದ ಮ್ಯಾನಿಟೋಬಾಕ್ಕೂ ಹೊತ್ತುತಂದರು. ಗಂಡನೋ ಹೆಂಡತಿಯೋ ತೀರಿಕೊಂಡರೆ ಆ ಕಚೇರಿಯವರು ಬಂದು ಹೊಲ, ದನ, ಪಾತ್ರೆಪಡಗ, ಸಾಲ ಎಲ್ಲವನ್ನೂ ಪಟ್ಟಿ ಮಾಡಿ, ಅರ್ಧವನ್ನು ಬದುಕುಳಿದವರಿಗೆ ಬಿಟ್ಟು, ಉಳಿದರ್ಧವನ್ನು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ ಹಂಚುತ್ತಿದ್ದರು. ವಿಧವೆಯ ಪರವಾಗಿ ಮಾತನಾಡಲು ಒಬ್ಬರನ್ನು, ಮಕ್ಕಳ ಪರವಾಗಿ ಬೇರೊಬ್ಬರನ್ನು ನೇಮಿಸುತ್ತಿದ್ದರು. ಲೆಕ್ಕ ಮುಗಿಯುವವರೆಗೆ ವಿಧವೆಯಾಗಲಿ ವಿಧುರನಾಗಲಿ ಮರುಮದುವೆಯಾಗುವಂತಿರಲಿಲ್ಲ. ಅಪ್ರಾಪ್ತ ಮಕ್ಕಳ ಪಾಲಿನ ಹಣವನ್ನು ಕಚೇರಿಯೇ ಇಟ್ಟುಕೊಂಡು ಇತರ ರೈತರಿಗೆ ಬಡ್ಡಿಗೆ ಕೊಡುತ್ತಿತ್ತು. ಹೀಗಾಗಿ ಅದು ಊರಿನ ಬ್ಯಾಂಕೂ ಆಗಿತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಈ ಕಚೇರಿಗಳೂ ಕುಸಿದು ಅನಾಥರ ಹಣ ಮುಳುಗಿದ್ದು ಬೇರೆ ದುಃಖದ ಕಥೆ.

ನೇಗಿಲಗೆರೆ ಬರೆದದ್ದು:

ನಾನು ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಆ ನೆಲ ಮೊದಲು ಯಾರದ್ದು? ‘ಖಾಲಿ ಬಯಲು’ ಎಂಬ ಮಾತನ್ನು ಒಪ್ಪಿಕೊಂಡು ಮುಂದೆ ಹೋಗುವುದು ನ್ಯಾಯವಲ್ಲ.

ಸರ್ವೆ ನಂಬರ್ ಬರೆದದ್ದು:

ನ್ಯಾಯವಾದ ಪ್ರಶ್ನೆ, ಮೊದಲ ಬರಹದಲ್ಲಿಯೇ ನಾನು ಹೇಳಬೇಕಾಗಿತ್ತು.

1871ರಲ್ಲಿ ಲೋವರ್ ಫೋರ್ಟ್ ಗ್ಯಾರಿಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಮತ್ತು ಸ್ವಾಂಪಿ ಕ್ರೀ ಜನರೊಂದಿಗೆ ಸರ್ಕಾರದ ಒಂದನೆಯ ಒಪ್ಪಂದವಾಯಿತು. ಅದರಂತೆ ಅವರಿಗೆ ಮೀಸಲಾದ ನೆಲ ಐದು ಜನರ ಕುಟುಂಬಕ್ಕೆ 160 ಎಕರೆ. ಎರಡು ವರ್ಷಗಳ ಬಳಿಕ ಮೆನ್ನೊನೈಟರಿಗೆ ಸಿಕ್ಕಿದ್ದೂ 160 ಎಕರೆಯೇ, ಆದರೆ ಇಪ್ಪತ್ತೊಂದು ದಾಟಿದ ಒಬ್ಬೊಬ್ಬನಿಗೆ, ಅದೂ ಮಾರುವ ಹಕ್ಕಿನ ಸಮೇತ. ಎರಡನ್ನೂ ಸರ್ಕಾರ ‘ರಿಸರ್ವ್’ ಎಂಬ ಒಂದೇ ಪದದಿಂದ ಕರೆಯಿತು. ಒಂದು ಮೀಸಲು ಜನರನ್ನು ಒಳಗಿಡುವ ಬೇಲಿಯಾಯಿತು, ಇನ್ನೊಂದು ಹೊರಗಿನವರನ್ನು ದೂರವಿಡುವ ಬೇಲಿಯಾಯಿತು. ರೆಡ್ ನದಿಯ ಪೂರ್ವಕ್ಕಿದ್ದ ಈ ಮೆನ್ನೊನೈಟ್ ಮೀಸಲು ಮತ್ತು ಮುಂದೆ ಪಶ್ಚಿಮದಲ್ಲಿ ಸಿಕ್ಕ ಇನ್ನೊಂದು ಮೀಸಲು, ಇವೆರಡರ ನಡುವೆ ರೆಡ್ ನದಿಯ ಪಕ್ಕದಲ್ಲಿಯೇ ರೋಸೋ ನದಿಯ ಅನಿಶಿನಾಬೆ ಜನರ ಮೀಸಲು ನೆಲ ಇಂದಿಗೂ ಇದೆ.

ಮೂಲನಿವಾಸಿ ಮತ್ತು ಯೂರೋಪಿಯನ್ ಮಿಶ್ರ ಮೂಲದ ಮೆಟೀ ಜನರದ್ದು ಇನ್ನೂ ತೊಡಕಿನ ವಿಚಾರ. 1870ರ ಮ್ಯಾನಿಟೋಬಾ ಕಾಯಿದೆಯು ಅವರ ಮಕ್ಕಳಿಗಾಗಿ 14 ಲಕ್ಷ ಎಕರೆ ಕೊಡುವುದಾಗಿ ಹೇಳಿತ್ತು. ಹಂಚಿಕೆ ವರ್ಷಗಟ್ಟಲೆ ಎಳೆಯುತ್ತ ಹೋಯಿತು. ಮೆನ್ನೊನೈಟರ ಎಂಟು ಟೌನ್‌ಶಿಪ್‌ಗಳು ಮಾತ್ರ ಅವರು ಹಡಗು ಹತ್ತುವ ಮೊದಲೇ ಸಿದ್ಧವಾಗಿದ್ದವು. ಆ ವಿಳಂಬದಲ್ಲಿ ಸರ್ಕಾರ ತನ್ನ ಗೌರವಕ್ಕೆ ತಕ್ಕಂತೆ ನಡೆದುಕೊಳ್ಳಲಿಲ್ಲವೆಂದು ಕೆನಡಾದ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2013ರಲ್ಲಿ. ಮೆನ್ನೊನೈಟರು ಯಾರನ್ನೂ ಹೊಡೆದು ಓಡಿಸಲಿಲ್ಲ, ಆಯುಧ ಮುಟ್ಟದವರು. ಆದರೆ ಬೇರೆಯವರ ಬಲದಿಂದ ತೆರವಾದ ನೆಲದಲ್ಲಿ ಅಹಿಂಸೆಯಿಂದ ಉತ್ತವರು ಎಂಬುದನ್ನು ಮರೆಮಾಚಲಾಗದು.

ನೇಗಿಲಗೆರೆ ಬರೆದದ್ದು:

ಉತ್ತರಕ್ಕೆ ಧನ್ಯವಾದಗಳು. ಐದು ಜನರ ಕುಟುಂಬಕ್ಕೆ 160 ಮತ್ತು ಒಬ್ಬನಿಗೆ 160 ಎಂಬ ಆ ಹೋಲಿಕೆ ನನಗೆ ಗೊತ್ತಿರಲಿಲ್ಲ. ಪಶ್ಚಿಮದ ಮೀಸಲು ಯಾವಾಗ ಬಂತು?

ಕರಿಮಣ್ಣು ಬರೆದದ್ದು:

1875ರಲ್ಲಿ ಖೋರ್ಟಿಟ್ಸಾ ಮತ್ತು ಫ್ಯೂರ್ಸ್ಟೆನ್‌ಲಾಂಡ್ ಕಡೆಯವರು ಹಿರಿಯ ಯೋಹಾನ್ ವೀಬೆ ಅವರೊಂದಿಗೆ ಬಂದು, ಗಡಿಯ ಹತ್ತಿರದ ಫೋರ್ಟ್ ಡಫರಿನ್‌ನಲ್ಲಿ ಕೆಲವು ವಾರ ತಂಗಿ, ರೆಡ್ ನದಿಯ ಪಶ್ಚಿಮದ ಬಟ್ಟಬಯಲಿಗೆ ನಡೆದರು. 1876ರಲ್ಲಿ ಸರ್ಕಾರ ಅಲ್ಲಿ ಹದಿನೇಳು ಟೌನ್‌ಶಿಪ್‌ಗಳನ್ನು ಮೀಸಲಿಟ್ಟಿತು. ಮರವೂ ನೀರೂ ಇಲ್ಲದ ಬಯಲಲ್ಲಿ ಬೇಸಾಯ ಸಾಧ್ಯವಿಲ್ಲವೆಂದು ಉಳಿದ ವಲಸೆಗಾರರು ನದಿಯ ದಡವನ್ನೇ ಕಚ್ಚಿಕೊಂಡಿದ್ದ ಕಾಲ ಅದು. ಉಕ್ರೇನಿನ ಹುಲ್ಲುಬಯಲಿನಲ್ಲಿ ಮೂರು ತಲೆಮಾರು ಉತ್ತವರಿಗೆ ಮಾತ್ರ ಆ ಬಯಲು ತವರಿನಂತೆ ಕಂಡಿತು. ಕೈಹಾಕಿ ನೋಡಿದರೆ ಎರೆಮಣ್ಣು. ಪೂರ್ವದ ಕಲ್ಲು ಮತ್ತು ಜೌಗಿನಲ್ಲಿ ಬೇಸತ್ತ ಬರ್ಗ್‌ಥಾಲಿನವರಲ್ಲಿ ಅರ್ಧದಷ್ಟು ಜನ 1880ರ ಆಸುಪಾಸಿನಲ್ಲಿ ಪಶ್ಚಿಮಕ್ಕೆ ಎದ್ದುಹೋದದ್ದರಲ್ಲಿ ಆಶ್ಚರ್ಯವಿಲ್ಲ.

1876ರಲ್ಲಿಯೇ ಭೂ ಕಾಯಿದೆಗೆ ತಿದ್ದುಪಡಿಯಾಗಿ, ಗುಂಪಾಗಿ ಹಳ್ಳಿಯಲ್ಲಿ ನೆಲೆಸುವವರು ತಮ್ಮ ಚೌಕದೊಳಗೇ ವಾಸಿಸಬೇಕೆಂಬ ನಿಯಮವನ್ನು ಸಡಿಲಿಸಲಾಯಿತು. ಆದರೆ ಹಕ್ಕುಪತ್ರ ಒಬ್ಬೊಬ್ಬನ ಹೆಸರಿನಲ್ಲಿಯೇ ಉಳಿಯಿತು. ಸರ್ವೆ ನಂಬರ್ ಅವರ ವಾದದ ಕೀಲು ಇಲ್ಲಿದೆ ಎಂದು ಭಾವಿಸುತ್ತೇನೆ.

ಸರ್ವೆ ನಂಬರ್ ಬರೆದದ್ದು:

ಹೌದು, ಅಲ್ಲಿಯೇ ಇದೆ. 1877ರ ಆಗಸ್ಟ್‌ನಲ್ಲಿ ಗವರ್ನರ್ ಜನರಲ್ ಲಾರ್ಡ್ ಡಫರಿನ್ ಪೂರ್ವದ ಮೀಸಲಿಗೆ ಬಂದು, ಮೂರೇ ವರ್ಷದಲ್ಲಿ ಬರಿ ಬಯಲಿನಲ್ಲಿ ಎದ್ದ ಊರುಗಳನ್ನು ಕಂಡು ಹೊಗಳಿ ಹೋದರು. ಅದೇ ವರ್ಷ ಸ್ಟೈನ್‌ಬಾಕ್‌ನಲ್ಲಿ ಗಾಳಿಗಿರಣಿ ತಲೆಯೆತ್ತಿತು. ಹೊರಗಿನಿಂದ ನೋಡಿದರೆ ಎಲ್ಲವೂ ಗಟ್ಟಿಯಾಗಿ ಕಂಡಿರಬೇಕು. ಆದರೆ ಹಕ್ಕುಪತ್ರ ಕೈಗೆ ಬಂದ ದಿನದಿಂದ ಪ್ರತಿಯೊಬ್ಬನ ಪೆಟ್ಟಿಗೆಯಲ್ಲಿಯೂ ಊರನ್ನು ಒಡೆಯುವ ಒಂದು ಕಾಗದವಿತ್ತು. ಒಬ್ಬನ ಹೆಸರಿನ ಚೌಕದಲ್ಲಿ ಒಳ್ಳೆಯ ಎರೆಮಣ್ಣು ಬಿದ್ದಿತ್ತೆನ್ನಿ. ಇಪ್ಪತ್ತು ಜನರಿಗೆ ಪಟ್ಟಿಪಟ್ಟಿಯಾಗಿ ಹಂಚಿದ ತನ್ನ 160 ಎಕರೆಯನ್ನು ಅವನು ತನಗೇ ಬೇಕೆಂದು ಕೇಳಿದರೆ ಕಾನೂನು ಅವನ ಪರವಾಗಿತ್ತು, ಊರಿನ ಪರವಾಗಿ ಇದ್ದದ್ದು ಒಪ್ಪಂದದ ಮಾತು ಮತ್ತು ಚರ್ಚಿನ ಸಭೆಯಿಂದ ಹೊರಹಾಕುತ್ತೇವೆಂಬ ಬೆದರಿಕೆ. ಅಂಥವನು ಹೊರಟರೆ ಅವನೊಬ್ಬನ ಹೊಲ ಮಾತ್ರ ಹೋಗುತ್ತಿರಲಿಲ್ಲ, ಎಲ್ಲರ ಪಟ್ಟಿಗಳೂ ತುಂಡಾಗಿ, ಗೋಮಾಳವೂ ಕತ್ತರಿಸಿ, ಇಡೀ ಹಂಚಿಕೆ ಕುಸಿಯುತ್ತಿತ್ತು.

1880ರ ದಶಕದಿಂದ ಇದು ಒಂದೊಂದೇ ಊರಿನಲ್ಲಿ ನಡೆಯಿತು. ರೈಲು ಬಂತು, ಗೋಧಿಗೆ ಹೊರಗಿನ ಮಾರುಕಟ್ಟೆ ಸಿಕ್ಕಿತು, ಯಂತ್ರ ಕೊಂಡವನಿಗೆ ಕಿರಿದಾದ ಪಟ್ಟಿಗಳು ಅಡಚಣೆಯಾದವು, ಸಾಲ ಕೊಡುವ ಕಂಪನಿಗಳು ಹಕ್ಕುಪತ್ರವನ್ನು ಒತ್ತೆ ಕೇಳಿದವು. ಬರ್ಗ್‌ಥಾಲಿನವರ ಊರುಗಳು ಮೊದಲು ಒಡೆದವು. ಯೋಹಾನ್ ವೀಬೆ ಅವರ ಸಭೆಯವರು ಬಹಿಷ್ಕಾರದ ಕಟ್ಟುನಿಟ್ಟಿನಿಂದ ಇನ್ನೂ ಹಲವು ವರ್ಷ ಹಿಡಿದಿಟ್ಟರು. ಇವರು ಇದೇ ಮೂಲದ ಇನ್ನೊಂದು ಪಂಥವಾದ ಹಟರೈಟರಂತೆ ಆಸ್ತಿಯನ್ನು ಸಮುದಾಯದ ಹೆಸರಿಗೇ ಬರೆದುಕೊಂಡಿದ್ದರೆ ಊರು ಉಳಿಯುತ್ತಿತ್ತೇನೋ. ಆದರೆ ಬೆಳೆ ಅವರವರದ್ದು, ಲಾಭನಷ್ಟವೂ ಅವರವರದ್ದು, ಉಳುವ ಕ್ರಮ ಮಾತ್ರ ಎಲ್ಲರದ್ದು ಎಂಬ ನಡುದಾರಿಯೇ ಇವರಿಗೆ ಬೇಕಾಗಿತ್ತು.

ಅಕ್ಷರಮಾಲೆ ಬರೆದದ್ದು:

ಮೊದಲು ಹೇಳಿದ ಆ ಎರಡು ಕಾಗದಗಳ ಕಥೆ ಏನಾಯಿತು ಸರ್? ನಾನು ಶಾಲೆಯಲ್ಲಿ ಕಲಿಸುವವಳು, ಆದ್ದರಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ.

ಹಳೆಗಡತ ಬರೆದದ್ದು:

ಅವರ ಶಾಲೆಯಲ್ಲಿ ನಾಲ್ಕು ಮೆಟ್ಟಿಲುಗಳಿದ್ದವು: ಅಕ್ಷರದ ಪುಸ್ತಕ, ಧರ್ಮದ ಪ್ರಶ್ನೋತ್ತರ, ಹೊಸ ಒಡಂಬಡಿಕೆ, ಹಳೆಯ ಒಡಂಬಡಿಕೆ. ಜೊತೆಗೆ ಬರವಣಿಗೆ ಮತ್ತು ಲೆಕ್ಕ. ಮನೆಯಲ್ಲಿ ಪ್ಲೌಟ್‌ಡೀಚ್, ಪುಸ್ತಕದಲ್ಲಿ ಗ್ರಾಂಥಿಕ ಜರ್ಮನ್, ಇಂಗ್ಲಿಷ್ ಎಲ್ಲಿಯೂ ಇಲ್ಲ. ನಾಲ್ಕು ದಶಕ ಹೀಗೆ ನಡೆಯಿತು. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಮ್ಯಾನಿಟೋಬಾ ಸರ್ಕಾರವು ಇಂಗ್ಲಿಷ್ ಮಾಧ್ಯಮದ ಶಾಲೆಯನ್ನೂ ಹಾಜರಾತಿಯನ್ನೂ ಕಡ್ಡಾಯ ಮಾಡಿದಾಗ ಇವರು ತಮ್ಮ ಪೆಟ್ಟಿಗೆಯಿಂದ ಲೋ ಅವರ ಪತ್ರವನ್ನು ತೆಗೆದು ತೋರಿಸಿದರು. ಶಿಕ್ಷಣವು 1867ರ ಸಂವಿಧಾನ ಕಾಯಿದೆಯಂತೆ ಪ್ರಾಂತ್ಯದ ವಿಷಯ, ಅದರ ಬಗ್ಗೆ ಮಾತು ಕೊಡುವ ಅಧಿಕಾರವೇ ಆಟ್ಟವಾಕ್ಕೆ ಇರಲಿಲ್ಲ ಎಂಬುದು ನ್ಯಾಯಾಲಯದಲ್ಲಿ ಅವರಿಗೆ ಸಿಕ್ಕ ಉತ್ತರ. ದಂಡ ಕಟ್ಟಿದರು, ಕೆಲವರು ಜೈಲಿಗೂ ಹೋದರು. 1922ರ ಮಾರ್ಚ್ 1ರಂದು ಪ್ಲಮ್ ಕೂಲಿ ನಿಲ್ದಾಣದಿಂದ ಮೊದಲ ರೈಲು ಮೆಕ್ಸಿಕೊಕ್ಕೆ ಹೊರಟಿತು. ಅಲ್ಲಿನ ಅಧ್ಯಕ್ಷ ಒಬ್ರೆಗೊನ್ ಅವರಿಂದ ಮತ್ತೊಂದು ಪತ್ರ ಬರೆಸಿಕೊಂಡೇ ಹೊರಟರು. 1926ರಲ್ಲಿ ಇನ್ನೊಂದು ಗುಂಪು ಪರಗ್ವೈಗೆ ಹೋಯಿತು.

ಬಯಲುಸೀಮೆ ಬರೆದದ್ದು:

ಸ್ವಲ್ಪ ಬದಿಯ ಪ್ರಶ್ನೆ, ಕ್ಷಮಿಸಿ. ನಾನು ರಾಯಚೂರು ಕಡೆಯವನು. ಗಡಿಯಾಚೆ ತೆಲಂಗಾಣದ ಮಹಬೂಬ್‌ನಗರದ ಕಡೆ ಮೆನ್ನೊನೈಟ್ ಚರ್ಚುಗಳಿವೆ. ಇವರೇನಾ ಅವರು?

ಹಳೆಗಡತ ಬರೆದದ್ದು:

ಬೇರು ಒಂದೇ, ಕೊಂಬೆ ಬೇರೆ. 1860ರಲ್ಲಿ ಮೊಲೊಚ್ನಾದಲ್ಲಿ ಬೇರೆಯಾದ ಮೆನ್ನೊನೈಟ್ ಬ್ರದರನ್ ಎಂಬ ಶಾಖೆಯವರು ಅವರು. ಆ ಶಾಖೆಯ ಅಬ್ರಹಾಂ ಫ್ರೀಸನ್ ರಷ್ಯಾದಿಂದ 1889ರಲ್ಲಿ ಹೈದರಾಬಾದ್ ಸಂಸ್ಥಾನದ ನಲ್ಗೊಂಡಕ್ಕೆ ಬಂದರು. ಮ್ಯಾನಿಟೋಬಾದ ಈ ಹಳೆಯ ಪದ್ಧತಿಯ ರೈತರಿಗೆ ಮತಪ್ರಚಾರದಲ್ಲಿ ಆಸಕ್ತಿಯೇ ಇರಲಿಲ್ಲ.

ವಿನಿಪೆಗ್‌ನಿಂದ ಬರೆದದ್ದು:

ಈ ಕಡೆ ಬರುವವರಿಗೆ ಒಂದು ಸಲಹೆ. ಸಂಗ್ರಹಾಲಯವನ್ನು ನೋಡಿದ ಮೇಲೆ ಪಶ್ಚಿಮದ ನೊಯ್‌ಬರ್ಗ್‌ಥಾಲ್ ಊರಿಗೂ ಹೋಗಿ ಬನ್ನಿ. 1876ರಲ್ಲಿ ಹುಟ್ಟಿದ ಆ ಊರಿನ ಒಂದೇ ಬೀದಿ, ಇಕ್ಕೆಲದ ಎತ್ತರದ ಮರಗಳು, ಕೊಟ್ಟಿಗೆ ಸೇರಿದ ಕೆಲವು ಮನೆಗಳು ಇಂದಿಗೂ ಉಳಿದಿವೆ. ಅದು ಈಗ ರಾಷ್ಟ್ರೀಯ ಐತಿಹಾಸಿಕ ತಾಣ. ಹೊಲಗಳು ಮಾತ್ರ ಪಟ್ಟಿಗಳಾಗಿ ಉಳಿದಿಲ್ಲ, ಚೌಕಗಳಿಗೆ ಮರಳಿವೆ.

ಚಳಿಗಾಲದಲ್ಲಿ ಬರುವುದಾದರೆ ಹವಾಮಾನ ನೋಡಿಕೊಂಡು ಹೊರಡಿ. 1878ರಲ್ಲಿ ಪಶ್ಚಿಮದ ಮೀಸಲಿನ ಹಿರಿಯ ಯಜಮಾನ ಐಸಾಕ್ ಮ್ಯೂಲರ್ ಅವರು, ಹಿಮಗಾಳಿಯಲ್ಲಿ ದಾರಿ ತಪ್ಪಿ ಜನ ಸಾಯಬಾರದೆಂದು, ಎಮರ್ಸನ್‌ನಿಂದ ಪಶ್ಚಿಮಕ್ಕೆ ಹೋಗುವ ಬಂಡಿದಾರಿಯುದ್ದಕ್ಕೂ ಒಂದೊಂದು ಊರಿನವರಿಂದ ಕಂಬ ನೆಡಿಸಿದ್ದರು. ಆ ಬಯಲಿನಲ್ಲಿ ಗಾಳಿ ಎದ್ದರೆ ಈಗಲೂ ಎದುರಿನ ಕಾರಿನ ದೀಪ ಕಾಣುವುದಿಲ್ಲ.